ಮಗಳ ಊರಿನ ನೀರು

ಚಂದೋಖರಿಯಲ್ಲಿ ಜನ ಎಷ್ಟು ಎಂದು ಕೇಳಿದರೆ ಯಾರಿಂದಲೂ ಸರಿಯಾದ ಉತ್ತರ ಸಿಗುವುದಿಲ್ಲ. ಓಟಿನ ದಿನ ಊರು ಗಿಜಿಗುಡುತ್ತದೆ, ಹೋಳಿ ಹಬ್ಬಕ್ಕೆ ಅಂಗಳಗಳು ಸಾಲುವುದಿಲ್ಲ. ದೀಪಾವಳಿ ಮುಗಿದು ವಾರ ಕಳೆಯಿತೆಂದರೆ ಗಂಡಸರೆಲ್ಲ ದಿಲ್ಲಿಯ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ, ಕೆಲವರು ಹೆಂಡತಿ ಮಕ್ಕಳನ್ನೂ ಕಟ್ಟಿಕೊಂಡು ಹೋಗುತ್ತಾರೆ, ಅರ್ಧ ಮನೆಗಳಿಗೆ ಬೀಗ ಬೀಳುತ್ತದೆ. ಸರಕಾರ ಎಣಿಸುವುದು ಓಟಿನ ದಿನದ ಊರನ್ನು, ಬಸ್ಸಿನವನು ಎಣಿಸುವುದು ಬೀಗ ಹಾಕಿದ ಊರನ್ನು. ಈ ಎರಡು ಲೆಕ್ಕಗಳ ನಡುವೆ ಸಿಕ್ಕಿಬಿದ್ದವಳು ಗೇಂದಾಬಾಯಿ.

ಹೆದ್ದಾರಿಯ ಪಕ್ಕದ ಇಪ್ಪೆ ಮರದ ಬುಡದಲ್ಲಿ ಕವಲೊಡೆದು, ಎರಡು ಹರದಾರಿ ಮಣ್ಣು ರಸ್ತೆ ಬಂದರೆ ಈ ಊರು. ಮೊದಲು ಖಾಸಗಿ ಬಸ್ಸೊಂದು ಬೆಳಿಗ್ಗೆ ಕವಲಿನಲ್ಲಿ ತಿರುಗಿ ಊರೊಳಗೆ ಬಂದು, ಜನರನ್ನು ಪೇಟೆಗೆ ಒಯ್ದು, ಸಂಜೆ ತಂದು ಬಿಡುತ್ತಿತ್ತು. ಮಳೆಗಾಲದಲ್ಲಿ ಕೆಸರಿನ ನೆಪ ಹೇಳಿ ನಿಲ್ಲಿಸಿದರು. ಕೆಸರು ಒಣಗಿ ಧೂಳಾಯಿತು, ಬಸ್ಸು ಮಾತ್ರ ಬರಲಿಲ್ಲ. ನಾಲ್ಕು ಮುದುಕರಿಗಾಗಿ ಡೀಸೆಲ್ ಸುಡಲು ಮಾಲೀಕನಿಗೇನು ಹುಚ್ಚೇ?

ಗೇಂದಾಬಾಯಿಯ ಮಗ ಹರಗೋವಿಂದನೂ ದಿಲ್ಲಿಯಲ್ಲೇ ಇದ್ದ, ದೊಡ್ಡವರ ಬಚ್ಚಲಿಗೆ ಟೈಲ್ಸ್ ಹಾಕಿಕೊಂಡು. ಮನೆಯಲ್ಲಿ ಉಳಿದವರು ಅವಳು, ಗಂಡ ಘಾಸೀರಾಮ್, ಸೊಸೆ ವಿನೀತಾ, ಒಂದು ಹಸು, ಅದರ ಕರು. ಮಗಳು ಕ್ರಾಂತಿಯನ್ನು ಬೇತವಾ ನದಿಯಾಚೆ, ಪೇಟೆಗೆ ಹೋಗುವ ಬಸ್ಸಿನ ದಾರಿಯಲ್ಲೇ ಇದ್ದ ಸಿಮರಾಕ್ಕೆ ಕೊಟ್ಟಿತ್ತು. ಅವಳಿಗೆ ದಿನ ತುಂಬಿದೆ ಎಂಬುದು ಗೊತ್ತಿತ್ತು, ಮುಂದಿನ ಸುದ್ದಿ ಗೊತ್ತಿರಲಿಲ್ಲ. ಅದನ್ನು ಸೈಕಲ್ ಮೇಲೆ ಹೊತ್ತು ತಂದವನು ಬಳೆ ಮಾರುವ ಶಕೂರ್ ಚಾಚಾ.

"ಬೆಲ್ಲ ತಗೊಂಡ್ಬಾ ಗೇಂದಾ. ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಚೆನ್ನಾಗಿದಾರೆ."

"ಯಾರ ಹಾಗಿದೆಯಂತೆ?"

"ನಾನು ಬಳೆಗಾರ, ಜೋಯಿಸನಲ್ಲ. ನೀನೇ ಹೋಗಿ ನೋಡು."

ಅಂದೇ ಗೇಂದಾಬಾಯಿ ಬಾಣಂತಿಗೆಂದು ಅಂಟಿನುಂಡೆಗೆ ಒಲೆ ಹೊತ್ತಿಸಿದಳು. ಸೊಸೆ ಒಣಶುಂಠಿ ಕುಟ್ಟಿದಳು, ಅತ್ತೆ ತುಪ್ಪದಲ್ಲಿ ಅಂಟು ಹುರಿದಳು. ಉಂಡೆ ಕಟ್ಟಿದ ಕೈಯಲ್ಲೇ ಗಂಡನಿಗೆ ಜೋಳದ ರೊಟ್ಟಿ, ಕಡಲೆ ಸೊಪ್ಪಿನ ಪಲ್ಯ ಬಡಿಸಿ, ಎದುರಿಗೆ ಕೂತಳು.

"ನಾಳೆ ಹೊರಡೋಣ."

"ಬಸ್ಸೆಲ್ಲಿದೆ ಹೊರಡೋಕೆ?"

"ಕವಲಿನ ತನಕ ನಡೆದು, ಅಲ್ಲಿ ಹೆದ್ದಾರಿ ಬಸ್ ಹಿಡಿಯೋದು."

"ನಿನ್ನ ಮಂಡಿ ಇಟ್ಕೊಂಡು ಅಲ್ಲಿಗೆ ಮುಟ್ಟೋ ಹೊತ್ತಿಗೆ ಮಧ್ಯಾಹ್ನ. ಸಿಮರಾ ಸೇರೋದು ಸಂಜೆಗೆ. ರಾತ್ರಿ ಎಲ್ಲಿರ್ತೀಯಾ?"

"ಮಗಳ ಮನೆ ಇದೆಯಲ್ಲ."

ಘಾಸೀರಾಮ್ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಧಾರೆ ಎರೆದು ಕೊಟ್ಟ ಮೇಲೆ ಆ ಊರಿನ ಹನಿ ನೀರೂ ನಮಗೆ ಸಲ್ಲ. ದಾನ ಕೊಟ್ಟದ್ದನ್ನ ತಿರುಗಿ ಬಾಯಿಗೆ ಹಾಕ್ಕೊಳ್ಳೋದಾ? ನಮ್ಮಪ್ಪ ಕುಡೀಲಿಲ್ಲ, ನಾನೂ ಕುಡಿಯಲ್ಲ."

"ರೊಟ್ಟಿ ನೀರು ಎರಡೂ ಕಟ್ಕೊಂಡು ಹೋದ್ರಾಯ್ತು."

"ಹಗಲಾದ್ರೆ ಈಗಷ್ಟೇ ಉಂಡು ಬಂದ್ವಿ ಅನ್ನಬಹುದು. ರಾತ್ರಿ ಬೀಗರ ಅಂಗಳದಲ್ಲಿ ಕೂತು ನಮ್ಮ ಗಂಟು ಬಿಚ್ಚಿ ತಿಂದ್ರೆ ಅವರ ಮುಖಕ್ಕೆ ಉಗಿದ ಹಾಗೆ."

"ನೀರಿಗೆ ಒಂದು ರೂಪಾಯಿ ಇಟ್ಟು ಕುಡಿಯೋ ಅಪ್ಪ ಅಮ್ಮಂದಿರೂ ಇದಾರೆ ಈಗ."

"ದುಡ್ಡಿಟ್ಟು ಕುಡಿಯೋಕೆ ಮಗಳ ಮನೆ ಏನು ಹೋಟೆಲ್ಲಾ?"

ಘಾಸೀರಾಮ್ ಕೆಟ್ಟವನಲ್ಲ. ಮದುವೆಯಾದ ಹೊಸದರಲ್ಲಿ ಮಗಳನ್ನು ನೋಡಲು ನಡುಬೇಸಿಗೆಯಲ್ಲಿ ಸಿಮರಾಕ್ಕೆ ಹೋಗಿ, ಒಣ ನಾಲಿಗೆಯಲ್ಲಿ ನಗುನಗುತ್ತ ಮಾತಾಡಿ, ಸಂಜೆ ಊರಿಗೆ ಬಂದಿಳಿದವನೇ ಬಾವಿಕಟ್ಟೆಯಲ್ಲಿ ಕೊಡ ಎತ್ತಿ ಕುಡಿದಿದ್ದ. ಊರವರು ಆ ಕಥೆಯನ್ನು ಈಗಲೂ ಹೇಳುತ್ತಾರೆ, ಅವನೂ ಬೇಡ ಎನ್ನುವುದಿಲ್ಲ. ಬಸ್ಸಿದ್ದಾಗ ಪದ್ಧತಿಗೂ ಮಮತೆಗೂ ಜಗಳವಿರಲಿಲ್ಲ. ಒಂದೇ ಹಗಲಿನಲ್ಲಿ ಎರಡೂ ಮುಗಿಯುತ್ತಿದ್ದವು.

ವಿನೀತಾ ಮಾವನ ಎದುರು ಸೆರಗು ಮುಖಕ್ಕೆಳೆದುಕೊಳ್ಳುವವಳು, ನೇರ ಮಾತಾಡುವಂತಿಲ್ಲ. ಹಾಗೆಂದು ಸುಮ್ಮನಿರುವ ಹೆಣ್ಣೂ ಅಲ್ಲ. ಮಾವನಿಗೆ ಹೇಳಬೇಕಾದ್ದನ್ನೆಲ್ಲ ಕರುವಿಗೆ ಹೇಳುತ್ತಿದ್ದಳು.

"ಏ ಕರೂ, ಕೇಳಿದ್ಯಾ? ದಿನಾ ಇಪ್ಪತ್ತು ಜನ ಹತ್ತಿದ್ರೆ ಮಾಲೀಕ ಮತ್ತೆ ಬಸ್ ತಿರುಗಿಸ್ತಾನಂತೆ. ಕಂಡಕ್ಟರ್ ಲಖನ್ ಹೇಳಿದ್ನಂತೆ."

ಘಾಸೀರಾಮ್ ಹೆಂಡತಿಯ ಕಡೆ ತಿರುಗಿದ. "ಇಪ್ಪತ್ತು ಜನ ಊರಲ್ಲಿ ಇದಾರಾ ಅಂತ ಕರೂನೇ ಕೇಳು."

ಗೇಂದಾಬಾಯಿ ಕರುವನ್ನು ಕೇಳಲಿಲ್ಲ, ಮನೆ ಮನೆಗೆ ಹೋಗಿ ಕೇಳಿದಳು. ಬೀಗವಿಲ್ಲದ ಬಾಗಿಲುಗಳನ್ನೆಲ್ಲ ತಟ್ಟಿದಳು. ಬಸ್ಸು ಬೇಕೇ ಎಂದರೆ ಎಲ್ಲರಿಗೂ ಬೇಕು. ಹತ್ತುತ್ತೀರಾ ಎಂದರೆ ಎಲ್ಲರೂ ಸೂರು ನೋಡುವವರೇ.

"ನಾನು ಪೇಟೆಗೆ ಹೋಗಿ ಏನ್ ಮಾಡ್ಲಿ?" ಎಂದ ಮುದುಕ ಭಗೋಲೆ.

"ಕ್ಷೌರ ಮಾಡಿಸ್ಕೊಳ್ಳಿ ಕಕ್ಕಾ."

"ತಲೇಲಿ ಕೂದಲೆಲ್ಲಿದೆ?"

"ಗಡ್ಡ ಇದೆಯಲ್ಲ. ಒಂದು ದಿನ ಬಲಗಡೆ ಮಾಡಿಸ್ಕೊಳ್ಳಿ, ಇನ್ನೊಂದು ದಿನ ಎಡಗಡೆ."

ಅಂತೂ ಇಪ್ಪತ್ತು ಜನ ಒಪ್ಪಿ ಬಸ್ಸು ಬಂತು. ಆಮೇಲಿನ ಕೆಲವು ವಾರ ಚಂದೋಖರಿಯವರು ಪೇಟೆಗೆ ಹೋದಷ್ಟು ಹಿಂದೆಂದೂ ಹೋಗಿರಲಿಲ್ಲ. ಕೆಲಸವಿದ್ದವರು ನಾಲ್ಕು ಜನ, ಮಿಕ್ಕವರು ಬಸ್ಸನ್ನು ಬದುಕಿಸಲೆಂದೇ ಹತ್ತಿದವರು. ಮುದುಕಿಯರು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಸಾಲಾಗಿ ಕೂತು ಕಡಲೆಕಾಯಿ ಬಿಡಿಸುತ್ತ ಹೊತ್ತು ಕಳೆದು, ಅದೇ ಬಸ್ಸಿನಲ್ಲಿ ವಾಪಸಾಗುತ್ತಿದ್ದರು. ಭಗೋಲೆಯ ಗಡ್ಡ ಮಠದ ಸ್ವಾಮಿಯ ತಲೆಯಷ್ಟು ನುಣುಪಾಯಿತು.

ಮೊದಲ ಸೋಮವಾರವೇ ಗಂಡ ಹೆಂಡತಿ ಸಿಮರಾಕ್ಕೆ ಹೋದರು. ಕ್ರಾಂತಿ ಬಿಳಚಿಕೊಂಡಿದ್ದಳು. ಅಮ್ಮನನ್ನು ಕಂಡು ಎದ್ದು ಕೂರಲು ಹೋಗಿ ಸೊಂಟ ಹಿಡಿದುಕೊಂಡಳು. ಗೇಂದಾಬಾಯಿ ಉಂಡೆಯ ಡಬ್ಬಿ ಕೆಳಗಿಟ್ಟು ಮಗುವನ್ನು ಎತ್ತಿಕೊಂಡಳು. ಅದರ ಕಿವಿಯ ಮೇಲಿನ ಕೂದಲು, ಮುಷ್ಟಿ, ಹಿಮ್ಮಡಿ ನೋಡುವಷ್ಟರಲ್ಲಿ ಹೊರಗಿನಿಂದ ಗಂಡ ಕೆಮ್ಮಿದ. ಬಸ್ಸಿಗೆ ಹೊತ್ತಾಯಿತು ಎಂದು ಅದರ ಅರ್ಥ.

ಘಾಸೀರಾಮ್ ಬೀಗರ ಜಗಲಿಯ ಮಂಚದ ತುದಿಯಲ್ಲಿ ಕೂತಿದ್ದ, ಪೂರ್ತಿ ಕೂತರೆ ಉಳಿದುಬಿಡುವೆನೇನೋ ಎಂಬಂತೆ. ಬೀಗತಿ ತಮಾಷೆಯವಳು.

"ನೀರಂತೂ ಬೇಡ ಅಂತೀರಿ ಬೀಗರೇ. ನಮ್ಮೂರ ಗಾಳಿ ಎಳೀತಾ ಇದೀರಲ್ಲ, ಅದಕ್ಕೇನು ಲೆಕ್ಕ?"

"ಮೂಗಿಗೆ ಬೀಗ ಹಾಕೋಕೆ ಆಗಲ್ವಲ್ಲ ಬೀಗತಿ," ಎಂದು ಅವನೂ ನಕ್ಕ. ಆಗ ಯಾರೋ ಮಗುವನ್ನು ತಂದು ಅವನ ತೊಡೆಯ ಮೇಲಿಟ್ಟರು. ಅವನು ಬಗ್ಗಿದಾಗ ಅದು ಅವನ ಮೀಸೆ ಹಿಡಿದುಕೊಂಡು ಬಿಡಲಿಲ್ಲ. ಬಿಡಿಸಲು ಅವನೂ ಕೈಯೆತ್ತಲಿಲ್ಲ. ಹಾರ್ನ್ ಕೇಳಿದ ಮೇಲೆ ಕ್ರಾಂತಿಯೇ ಬಂದು ಬೆರಳು ಬಿಡಿಸಿದಳು.

"ಇನ್ನೆರಡು ದಿನ ಇರು ಅಮ್ಮಾ," ಎಂದಳು ಬಾಗಿಲಲ್ಲಿ, ಅಪ್ಪನ ಕಡೆ ನೋಡಿ. "ದದ್ದಾ ಬೇಕಾದ್ರೆ ಹೋಗ್ಲಿ."

"ಬಸ್ಸು ಬಂತಲ್ಲ, ಇನ್ನೇನು. ಬೇಕಾದಾಗ ಬರ್ತೀನಿ," ಎಂದಳು ಗೇಂದಾಬಾಯಿ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಘಾಸೀರಾಮ್ ಮೀಸೆ ಮುಟ್ಟಿ ಮುಟ್ಟಿ ನೋಡಿಕೊಂಡ.

ಬೇಕಾದಾಗ ಹೋಗುವುದು ಅಷ್ಟು ಸುಲಭವಿರಲಿಲ್ಲ. ಬಸ್ಸು ಉಳಿಯಬೇಕಾದರೆ ಮನೆಯಿಂದ ದಿನಾ ಒಬ್ಬರಾದರೂ ಹತ್ತಬೇಕು. ಹತ್ತುವವರ ಕೈಯಲ್ಲಿ ಬದನೆ ಬುಟ್ಟಿ ಇದ್ದರೆ ಬಸ್ಸಿನ ಖರ್ಚಾದರೂ ಹುಟ್ಟೀತು. ಹೀಗೆ ವಿನೀತಾಳ ಪಾಲಿಗೆ ಪೇಟೆ ಅಂಟಿಕೊಂಡಿತು. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಹೊರಟರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಸುವಿನ ಹಾಲು ಕರೆಯುವುದು ತಡವಾಗಿ ಅದು ಒದೆಯಲು ಕಲಿಯಿತು. ತಣ್ಣಗಾದ ರೊಟ್ಟಿ ಕಂಡು ಘಾಸೀರಾಮ್ ಗೊಣಗಿದ. ಒಂದು ಸಂಜೆ ವಿನೀತಾ ಖಾಲಿ ಬುಟ್ಟಿಯನ್ನು ಧೊಪ್ಪೆಂದು ಇಳಿಸಿ ಕರುವಿನ ಎದುರು ಕೂತಳು.

"ಪೇಟೆಯಿಂದ ನಮ್ಮಮ್ಮನ ಊರಿಗೂ ಬಸ್ಸಿದೆ ಕರೂ. ನಮ್ಮ ಬಸ್ಸಿನ ಪಕ್ಕದಲ್ಲೇ ನಿಂತಿರುತ್ತೆ. ದಿನಾ ನೋಡ್ತೀನಿ, ಬದನೆಕಾಯಿ ಮಾರ್ತೀನಿ, ಬರ್ತೀನಿ."

"ಕರೂಗ್ಯಾಕೆ ಹೇಳ್ತೀಯಾ, ನನಗೇ ಹೇಳು," ಎಂದಳು ಗೇಂದಾಬಾಯಿ ಸಿಡುಕಿ. "ಈಗ ಹೋಗ್ತೀನಿ ಅಂದ್ರೆ ಮನೆ ಯಾರು ನೋಡ್ತಾರೆ? ಹೋಳಿಗೆ ಹರಗೋವಿಂದ ಬರ್ಲಿ, ಕರ್ಕೊಂಡು ಹೋಗ್ತಾನೆ."

"ಹೋದ ಹೋಳೀಲೂ ಹಿಂಗೇ ಅಂದಿದ್ರಿ ಅತ್ತೆ."

ಗೇಂದಾಬಾಯಿ ಖಾಲಿ ಬುಟ್ಟಿ ಎತ್ತಿ ಮೂಲೆಗಿಟ್ಟಳು. ಅವಳಿಗೆ ಬೇರೊಂದು ದಿನ ನೆನಪಾಯಿತು. ಮಳೆಗಾಲದಲ್ಲಿ ವಿನೀತಾಳ ತಾಯಿ ಬೇನೀಬಾಯಿ ಮಗಳನ್ನು ನೋಡಲು ಹೊರಟು, ಬಸ್ಸು ಊರಿಗೆ ತಿರುಗುವುದಿಲ್ಲ ಎಂದು ತಿಳಿದು, ಕವಲಿನಲ್ಲೇ ಇಳಿದಿದ್ದಳು. ಊರಿಗೆ ಬಂದರೆ ರಾತ್ರಿ ಉಳಿಯಬೇಕು, ಉಳಿದರೆ ನೀರು ಮುಟ್ಟಬೇಕು. ಯಾರ ಕೈಲೋ ಹೇಳಿಕಳಿಸಿ, ಇಪ್ಪೆ ಮರದ ಕೆಳಗೆ ಸುರಿಯುವ ಮಳೆಯಲ್ಲಿ ಕಾದು ಕೂತು, ಓಡೋಡಿ ಬಂದ ಮಗಳ ಮುಖವನ್ನಷ್ಟು ನೋಡಿ ತಿರುಗಿ ಬಸ್ಸು ಹತ್ತಿದ್ದಳು. ನೆನೆದು ಮನೆಗೆ ಬಂದ ಸೊಸೆಗೆ ಗೇಂದಾಬಾಯಿ ಅಂದ ಮಾತು: ಊರೊಳಗೆ ಬರೋಕೆ ನಿಮ್ಮಮ್ಮನಿಗೇನು ಕಾಲಿರ್ಲಿಲ್ವಾ? ಆ ಮಾತು ಈಗ ತಿರುಗಿ ಅವಳಿಗೇ ತಾಗಿತು.

ಬದನೆ ಮುಗಿಯಿತು, ಅವರೆಯೂ ಮುಗಿಯಿತು. ತಂಡ ಕಟ್ಟಿಕೊಂಡು ಇನ್ನೊಂದಿಷ್ಟು ಜನ ದಿಲ್ಲಿಗೆ ಹೋದರು. ಬಸ್ಸನ್ನು ಬದುಕಿಸುವ ಉತ್ಸಾಹಕ್ಕೂ ಒಂದು ಮಿತಿಯಿದೆ. ಮುದುಕಿಯರಿಗೆ ಬೆಂಚು ಒತ್ತತೊಡಗಿತು, ಭಗೋಲೆಯ ಕೆನ್ನೆ ಕೆತ್ತಿಹೋಗಿ ಹುಣ್ಣಾಯಿತು. ಒಂದು ಸಂಜೆ ಲಖನ್ ಬಸ್ಸಿನ ಮೆಟ್ಟಿಲ ಮೇಲೆ ನಿಂತೇ ಗೇಂದಾಬಾಯಿಗೆ ಹೇಳಿದ. "ಭೌಜಿ, ಬೇಜಾರು ಮಾಡ್ಕೋಬೇಡಿ. ನಾಳೆ ಒಂದಿನ ಬರ್ತೀವಿ. ಆಮೇಲೆ ಬರಲ್ಲ."

"ಹೋಳಿ ತನಕಾನಾದ್ರೂ ಬಾರಪ್ಪ."

"ನಾನೇನು ಮಾಡ್ಲಿ, ನಿಮ್ಮೂರು ದಿನಾ ಸಣ್ಣದಾಗ್ತಾ ಇದೆ."

ಮರುದಿನ ಗೇಂದಾಬಾಯಿ ಒಬ್ಬಳೇ ಹೊರಟಳು. ಘಾಸೀರಾಮ್ ಬರುವುದಿಲ್ಲ ಎಂದ. ಹೋಗಿ ಬರುವುದು ಬರಿಯ ಸಂಕಟ ಎಂದ. ಆದರೆ ಬಸ್ಸಿನ ತನಕ ಬಂದು, ತೋಟದಲ್ಲಿ ಉಳಿದಿದ್ದ ಎಳೆಯ ಮೂಲಂಗಿಗಳನ್ನು ಕಿಟಕಿಯಿಂದ ಒಳಗೆ ತುರುಕಿದ.

ಕ್ರಾಂತಿಗೆ ಜ್ವರ ಬಂದು ಬಿಟ್ಟಿತ್ತು. ಮಗುವಿಗೆ ಹಾಲು ಸಾಲದೆ ಅದು ಅಳುತ್ತಿತ್ತು, ಅದು ಅತ್ತಾಗೆಲ್ಲ ಇವಳೂ ಅಳುತ್ತಿದ್ದಳು. ಗೇಂದಾಬಾಯಿ ಎಣ್ಣೆ ಬಿಸಿ ಮಾಡಿ ಮಗಳ ಬೆನ್ನಿಗೆ ತಿಕ್ಕಿದಳು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಮೀಯಿಸಿದಳು. ಇನ್ನೂ ಮಗುವಿನ ತಲೆ ಒರೆಸಿ ಮುಗಿದಿರಲಿಲ್ಲ, ರಸ್ತೆಯಲ್ಲಿ ಹಾರ್ನ್ ಆಯಿತು.

ಕ್ರಾಂತಿ ಇರು ಎನ್ನಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿದಳು. ಈ ಮಗಳು ಮೂರು ವರ್ಷದವಳಿದ್ದಾಗಲೂ, ಕೇಳಿದ್ದು ಸಿಗುವುದಿಲ್ಲ ಎಂದು ಗೊತ್ತಾದರೆ ಹೀಗೇ ಗೋಡೆಗೆ ತಿರುಗುತ್ತಿದ್ದಳು. ಗೇಂದಾಬಾಯಿ ಮಗುವಿನ ತಲೆ ಒರೆಸುತ್ತಲೇ ಕೂತಳು. ಈ ಬಸ್ಸು ಹತ್ತಿದರೆ ಇನ್ನು ಮಗಳ ಮುಖ ನೋಡುವುದು ಎಂದಿಗೋ.

ಹಾರ್ನ್ ಮತ್ತೊಮ್ಮೆ ಆಯಿತು.

"ಕ್ರಾಂತೀ, ಬಾಯಾರಿಕೆ ಆಗಿದೆ. ಒಂದು ತಂಬಿಗೆ ನೀರು ಕೊಡು."

ಕ್ರಾಂತಿ ತಿರುಗಿ ನೋಡಿದಳು. "ನಿನ್ನ ಗಂಟಿನೊಳಗೆ ಬಾಟ್ಲಿ ಇದೆಯಲ್ಲ."

"ಅದು ಮುಗೀತು." ಬಾಟಲಿ ಇನ್ನೂ ಅರ್ಧ ಇತ್ತು, ಇಬ್ಬರಿಗೂ ಕಾಣುತ್ತಿತ್ತು.

"ದದ್ದಾಗೆ ಗೊತ್ತಾದ್ರೆ?"

"ಗೊತ್ತಾಗ್ಲಿ. ಕುಡಿದವಳು ಓಡಿ ಹೋಗಿ ಬಸ್ ಹಿಡಿಯೋ ಹಾಗಿಲ್ಲ, ಹೊಟ್ಟೆ ನೋವು ಬರುತ್ತೆ. ಕೊಡು ಬೇಗ."

ಅವಳು ಕುಡಿದಳು. ಬೀಗತಿ ಆ ದಿನ ತಮಾಷೆ ಮಾಡಲಿಲ್ಲ. ಸುಮ್ಮನೆ ಹೋಗಿ ಇನ್ನೊಂದು ಹಿಡಿ ಹಿಟ್ಟು ನಾದಿದಳು.

ಐದಾರು ದಿನ ಕಳೆದು ಅಳಿಯ ಅವಳನ್ನು ಇಪ್ಪೆ ಮರದವರೆಗೆ ತಂದು ಬಿಟ್ಟ. ಅಲ್ಲಿಂದ ಕೂತು ಎದ್ದು ಕುಂಟುತ್ತ ಅವಳು ಮನೆ ಸೇರಿದಾಗ ಘಾಸೀರಾಮ್ ಹಗ್ಗ ಹೊಸೆಯುತ್ತಿದ್ದ. ತಲೆ ಎತ್ತಲಿಲ್ಲ. ಹೆಂಡತಿ ಬಾರದೆ ಬಸ್ಸು ಬರಿದೇ ಬಂದ ಸಂಜೆಯೇ ಅವನಿಗೆ ಎಲ್ಲ ಗೊತ್ತಾಗಿತ್ತು. ಅವಳು ಮರಳಿದ ದಿನದಿಂದ ಅವನು ಅವಳ ಕೈಯ ನೀರು ಮುಟ್ಟಲಿಲ್ಲ. ಊಟಕ್ಕೆ ಕೂರುವ ಮೊದಲು ತಾನೇ ಹೋಗಿ ಹರವಿಯಿಂದ ತಂಬಿಗೆ ತುಂಬಿಕೊಳ್ಳುತ್ತಿದ್ದ. ರೊಟ್ಟಿ ಮಾತ್ರ ಅವಳು ಬಡಿದದ್ದನ್ನೇ ತಿನ್ನುತ್ತಿದ್ದ. ಅದನ್ನು ಅವನಿಗೆ ಎತ್ತಿ ತೋರಿಸುವ ಧೈರ್ಯ ಕರುವಿನ ಹತ್ತಿರ ಮಾತಾಡುವವಳಿಗೂ ಇರಲಿಲ್ಲ.

ಹೀಗೇ ಎಷ್ಟೋ ಊಟಗಳು ಕಳೆದವು. ಒಂದು ಮಧ್ಯಾಹ್ನ ಸುಟ್ಟ ಆಲೂಗಡ್ಡೆ, ಕೆಂಡದ ಮೇಲೆ ಬೇಯಿಸಿದ ಹಿಟ್ಟಿನುಂಡೆ ಅವನ ಮುಂದಿಟ್ಟಾಗ, ತಟ್ಟೆಯನ್ನೇ ನೋಡುತ್ತ ಕೇಳಿದ.

"ಮೀಸೆ ಎಳೀತಾ ಇನ್ನೂ?"

"ಮೀಸೆ ಯಾರಿಗಿದೆ ಅಲ್ಲಿ? ನನ್ನ ಮೂಗುತಿ ಎಳೀತು."

ಅವನು ಸ್ವಲ್ಪ ಹೊತ್ತು ಅಗಿದ. "ಆ ನೀರು ಹೇಗಿದೆ?"

"ಸಪ್ಪೆ. ನಮ್ಮ ಬಾವಿ ರುಚಿ ಇಲ್ಲ." ಅವಳು ಇನ್ನೊಂದು ಉಂಡೆ ಮುರಿದು ತುಪ್ಪ ಹಾಕಿದಳು. "ಕ್ರಾಂತಿಯ ದದ್ದಾ, ನಮ್ಮ ಮಗಳು ದಿನಾ ಕುಡಿಯೋದು ಅದನ್ನೇ."

 ಅವನು ಕೈ ತೊಳೆದು ತೋಟಕ್ಕೆ ಹೋದವನು ಸಂಜೆಯವರೆಗೂ ಅಲ್ಲೇ ಬರಿದಾದ ಮಡಿಗಳ ನಡುವೆ ಕೂತಿದ್ದ.

ಹೋಳಿಗೆ ಇನ್ನೂ ದಿನಗಳಿರುವಾಗ ಶಕೂರ್ ಚಾಚಾ ಮತ್ತೆ ಬಂದ. ಈ ಸಲ ಸುದ್ದಿ ವಿನೀತಾಳಿಗೆ. ಬುಧವಾರ ಅವಳ ತಾಯಿ ಇಪ್ಪೆ ಮರದ ಹತ್ತಿರ ಬರುತ್ತಾಳೆ, ಹತ್ತು ನಿಮಿಷವಾದರೂ ಮಗಳನ್ನು ಕಳಿಸಿಕೊಡಿ. ವಿನೀತಾ ಬಳೆ ಇಡಿಸಿಕೊಳ್ಳುತ್ತಿದ್ದವಳು ಹಾಗೇ ಕೈ ಚಾಚಿಕೊಂಡು ಅತ್ತೆಯ ಮುಖ ನೋಡಿದಳು.

"ಕಳಿಸಲ್ಲ," ಎಂದಳು ಗೇಂದಾಬಾಯಿ. ಆಮೇಲೆ, "ನಾನೂ ಬರ್ತೀನಿ."

ಬುಧವಾರ ಅತ್ತೆ ಸೊಸೆ ನಸುಕಿನಲ್ಲೇ ಹೊರಟರು. ಬೇನೀಬಾಯಿ ಬೇರಿನ ಮೇಲೆ ಕೂತಿದ್ದಳು, ಮಡಿಲಲ್ಲಿ ಗಂಟು. ತಾಯಿ ಮಗಳು ತಬ್ಬಿಕೊಂಡು ಅತ್ತು ಮುಗಿಸುವ ತನಕ ಗೇಂದಾಬಾಯಿ ಹೆದ್ದಾರಿ ನೋಡುತ್ತ ನಿಂತಳು. ಆಮೇಲೆ ಬೀಗತಿಯ ಗಂಟನ್ನು ಎತ್ತಿ ತನ್ನ ತಲೆಯ ಮೇಲಿಟ್ಟುಕೊಂಡಳು.

"ಏಳಿ, ಹೋಗೋಣ."

"ಎಲ್ಲಿಗೆ? ಮೂರು ಗಂಟೆಗೆ ನನ್ನ ಬಸ್ಸು."

"ಗಂಟು ನನ್ನ ತಲೆ ಮೇಲಿದೆ. ಬಸ್ಸು ಬೇಕೋ ಗಂಟು ಬೇಕೋ ನೋಡ್ಕೊಳ್ಳಿ," ಎಂದು ನಡೆದೇಬಿಟ್ಟಳು.

ಮೂವರು ಹೆಂಗಸರು ಮನೆ ಸೇರುವಾಗ ಬಿಸಿಲು ನೆತ್ತಿ ದಾಟಿತ್ತು. ಬೇನೀಬಾಯಿ ಜಗಲಿಯ ಮಂಚದ ತುದಿಯಲ್ಲಿ ಕೂತಳು. ತುಟಿ ಒಡೆದಿತ್ತು, ಕಾಲು ಧೂಳಿನಿಂದ ಬೆಳ್ಳಗಾಗಿತ್ತು. ವಿನೀತಾ ಹರವಿಯ ಹತ್ತಿರ ಹೋಗಿ, ಮಾವನನ್ನು ಕಂಡು ಸೆರಗೆಳೆದುಕೊಂಡು ಅಲ್ಲೇ ನಿಂತಳು. ಅಮ್ಮನಿಗೆ ನೀರು ಕೊಡುವುದೋ ಬಿಡುವುದೋ ಅವಳಿಗೆ ತೋಚಲಿಲ್ಲ.

ಘಾಸೀರಾಮ್ ಬಾಗಿಲಲ್ಲಿ ನಿಂತಿದ್ದ. ಮಂಚದ ಆ ತುದಿಯನ್ನೇ ನೋಡಿದ. ತಾನು ಸಿಮರಾದಲ್ಲಿ ಕೂತದ್ದೂ ಹೀಗೆಯೇ. ಸೊಸೆಯ ಕೈಯಿಂದ ತಂಬಿಗೆ ತೆಗೆದುಕೊಂಡು, ತಾನೇ ಹರವಿಯಲ್ಲಿ ಅದ್ದಿ ತುಂಬಿ ತಂದು ಬೀಗತಿಯ ಮುಂದೆ ಹಿಡಿದ.

"ಬೇಡ ಬೀಗರೇ. ಈಗಷ್ಟೇ ಕುಡಿದು ಬಂದೆ."

"ಎಲ್ಲಿ ಕುಡಿದ್ರಿ? ಇಪ್ಪೆ ಮರದ ಕೆಳಗೆ ಬಾವಿ ತೋಡಿದಾರಾ?"

ಬೇನೀಬಾಯಿ ನಗಲು ಹೋದಳು, ಒಡೆದ ತುಟಿ ಉರಿಯಿತು. "ಮಗಳ ಮನೇದು. ನಾನು ಹೇಗೆ ಕುಡೀಲಿ? ನಿಮಗೆ ಗೊತ್ತಿಲ್ದೇ ಇರೋದಾ?"

"ಗೊತ್ತು." ಅವನು ತಂಬಿಗೆ ಹಿಂತೆಗೆಯಲಿಲ್ಲ.  "ಕುಡೀರಿ ಬೀಗತಿ. ನಾಳೆ ನಾನು ಸಿಮರಾಕ್ಕೆ ನಡೀಬೇಕು ಅಂತಿದೀನಿ. ನೀವು ಇಲ್ಲಿ ಕುಡೀದಿದ್ರೆ ನಾನು ಅಲ್ಲಿ ಯಾವ ಬಾಯಿ ಇಟ್ಕೊಂಡು ಕೇಳ್ಲಿ?"

ಗೇಂದಾಬಾಯಿ ತಲೆಯ ಮೇಲಿನ ಗಂಟನ್ನು ಇಳಿಸುವುದನ್ನು ಮರೆತು ನಿಂತಿದ್ದಳು. ಬೇನೀಬಾಯಿ ಮಗಳ ಕಡೆ ನೋಡಿದಳು, ಗೇಂದಾಬಾಯಿಯ ಕಡೆ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ತಂಬಿಗೆ ತೆಗೆದುಕೊಂಡು, ಎತ್ತಿ, ಕಣ್ಣು ಮುಚ್ಚಿ ಗಟಗಟನೆ ಕುಡಿದಳು. ಖಾಲಿ ತಂಬಿಗೆ ಹಿಡಿದು ಘಾಸೀರಾಮ್ ಇನ್ನೊಮ್ಮೆ ತುಂಬಿ ತರಲು ಹೋದ.